ವರ್ಷಕ್ಕೊಂದು ಮಿಲಿಮೀಟರ್: ವಿರಾಜಪೇಟೆಯ ಇತಿಹಾಸವನ್ನು ಸ್ಕೇಲ್ ಹಿಡಿದು ಬರೆದರೆ

ನವೆಂಬರ್ ಬಂತು ಅಂದ್ರೆ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳ ತುಂಬಾ ಇತಿಹಾಸದ ಪೋಸ್ಟರ್‌ಗಳು. ಹಳದಿ-ಕೆಂಪು ಬಣ್ಣ, ಮಧ್ಯೆ ಒಂದು ಗೆರೆ, ಗೆರೆ ಮೇಲೆ ಐದಾರು ದಪ್ಪ ಚುಕ್ಕಿ, ಒಂದೊಂದು ಚುಕ್ಕಿಗೂ ಒಂದೊಂದು ಇಸವಿ. ಇನ್ಫೋಗ್ರಾಫಿಕ್ ಅಂತ ಹೆಸರು. ನೋಡೋಕೆ ಚೆನ್ನಾಗೇ ಇರುತ್ತೆ. ಆದರೆ ಡ್ರಾಯಿಂಗ್ ಶೀಟಿನಲ್ಲಿ ಸ್ಕೇಲ್ ಬರೆಯದೇ ಇದ್ದರೆ ನಮಗೆ ಮಾರ್ಕ್ಸ್ ಹೋಗುತ್ತೆ. ಹಾಗಿರುವಾಗ ಇತಿಹಾಸದ ಶೀಟಿಗೆ ಮಾತ್ರ ಯಾಕೆ ರಿಯಾಯಿತಿ? ನಮ್ಮ ವಿರಾಜಪೇಟೆಯನ್ನೇ ತಗೊಂಡು ನೋಡೋಣ.

ಊರಿನ ಪೂರ್ತಿ ಹೆಸರು ವೀರರಾಜೇಂದ್ರಪೇಟೆ. ಟಿಪ್ಪು ವಿರುದ್ಧದ ಯುದ್ಧದಲ್ಲಿ ಬ್ರಿಟಿಷ್ ಜನರಲ್ ಅಬರ್‌ಕ್ರಾಂಬಿಯನ್ನು 1791ರಲ್ಲಿ ಭೇಟಿಯಾದ ನೆನಪಿಗೆ ದೊಡ್ಡವೀರರಾಜೇಂದ್ರ 1792ರಲ್ಲಿ ಇದನ್ನು ಸ್ಥಾಪಿಸಿದ. ಸಂತ ಅನ್ನಮ್ಮ ಚರ್ಚ್ ಶುರುವಾದದ್ದೂ ಅದೇ 1792ರಲ್ಲಿ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ವಶಕ್ಕೆ ತಗೊಂಡಿತು. 1947 ಸ್ವಾತಂತ್ರ್ಯ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು.

ಈ ನಾಲ್ಕು ಇಸವಿಗಳನ್ನು ಸಮ ಅಂತರದಲ್ಲಿ ಇಟ್ಟರೆ ಏನಾಗುತ್ತೆ? ಕಂಪನಿ ಮತ್ತು ಬ್ರಿಟಿಷ್ ಆಳ್ವಿಕೆಯ 113 ವರ್ಷವೂ ಅಷ್ಟೇ ಉದ್ದ, 1947ರಿಂದ 1956ರವರೆಗಿನ 9 ವರ್ಷವೂ ಅಷ್ಟೇ ಉದ್ದ. ಈಗ ಒಂದು ಎ4 ಹಾಳೆ ಅಡ್ಡ ಇಟ್ಟು, ವರ್ಷಕ್ಕೆ ಒಂದು ಮಿಲಿಮೀಟರ್ ಅಂತ ಸ್ಕೇಲ್ ಹಿಡಿಯಿರಿ. 1780ರಿಂದ 2020ರವರೆಗೆ 24 ಸೆಂಟಿಮೀಟರ್, ಹಾಳೆಯೊಳಗೇ ಹಿಡಿಯುತ್ತೆ. ವಿರಾಜಪೇಟೆ ರಾಜರ ಕೈಯಲ್ಲಿದ್ದದ್ದು 4.2 ಸೆಂಟಿಮೀಟರ್, ಆಮೇಲಿನ ಪರಕೀಯ ಆಳ್ವಿಕೆ 11.3. ಓದಿದಾಗ ತಲೆಗೆ ಹತ್ತದ ವಿಷಯ ಬೆರಳಿಟ್ಟು ಅಳೆದಾಗ ಹತ್ತುತ್ತೆ.

ಈ ಐಡಿಯಾ ಹೊಸದಲ್ಲ. ಆಮ್ಲಜನಕದ ಪಾಠದಲ್ಲಿ ಬರೋ ಜೋಸೆಫ್ ಪ್ರೀಸ್ಟ್ಲಿ ನೆನಪಿದ್ದಾರಲ್ವಾ? ಅವರು 1765ರಲ್ಲಿ ಸುಮಾರು 2,000 ಪ್ರಸಿದ್ಧ ವ್ಯಕ್ತಿಗಳ ಆಯುಸ್ಸನ್ನು ಒಂದೇ ಹಾಳೆಯಲ್ಲಿ ಅಡ್ಡಗೆರೆಗಳಾಗಿ ಬರೆದರು. ಗೆರೆ ಎಷ್ಟು ಉದ್ದವೋ ಬದುಕು ಅಷ್ಟು ಉದ್ದ. ನಮಗೆ ಇಷ್ಟವಾದದ್ದು ಇನ್ನೊಂದು ವಿಷಯ: ಹುಟ್ಟಿದ ಅಥವಾ ಸತ್ತ ವರ್ಷ ಖಚಿತ ಇಲ್ಲದಿದ್ದರೆ ಅವರು ಗಟ್ಟಿ ಗೆರೆ ಎಳೆಯದೆ ಚುಕ್ಕಿ ಇಟ್ಟರು. ನಮ್ಮ ಲ್ಯಾಬ್ ರೆಕಾರ್ಡಿನ ಎರರ್ ಬಾರ್ ಮಾಡೋ ಕೆಲಸವೇ ಇದು. ಇವತ್ತಿನ ಟೆಂಪ್ಲೇಟುಗಳಲ್ಲಿ ಆ ಚುಕ್ಕಿಗೆ ಜಾಗವೇ ಇಲ್ಲ.

ಚುಕ್ಕಿ ಯಾಕೆ ಬೇಕು ಅನ್ನೋದಕ್ಕೆ ಕೊಡಗಿನಲ್ಲೇ ಉದಾಹರಣೆ ಇದೆ. 1780ರ ದಶಕದಲ್ಲಿ ಟಿಪ್ಪು ಕೊಡಗಿನಿಂದ ಎಷ್ಟು ಜನರನ್ನು ಸೆರೆ ಒಯ್ದ? ಕರ್ನೂಲಿನ ನವಾಬನಿಗೆ ಬರೆದ ಪತ್ರದಲ್ಲಿ ಟಿಪ್ಪು ತಾನೇ ಹೇಳಿಕೊಂಡದ್ದು 40,000. ಬ್ರಿಟಿಷ್ ಇತಿಹಾಸಕಾರ ವಿಲ್ಕ್ಸ್ ಬರೆದದ್ದು 70,000. ರಾಮಚಂದ್ರ ರಾವ್ ಪುಂಗನೂರಿ ಪ್ರಕಾರ ಸುಮಾರು 500. ಪೋಸ್ಟರ್ ಮಾಡುವವರು ತಮಗೆ ಬೇಕಾದ ಒಂದನ್ನು ಆರಿಸಿ ದೊಡ್ಡ ಅಕ್ಷರದಲ್ಲಿ ಹಾಕ್ತಾರೆ. ಕಾಮೆಂಟಿನಲ್ಲಿ ಜಗಳ ಶುರು.

10,000ಕ್ಕೆ ಒಂದು ಸೆಂಟಿಮೀಟರ್ ಅಂತ ಮೂರನ್ನೂ ಒಂದರ ಕೆಳಗೆ ಒಂದು ಬರೆದು ನೋಡಿ. 7 ಸೆಂಟಿಮೀಟರ್, 4 ಸೆಂಟಿಮೀಟರ್, ಕೊನೆಯದು ಬರೀ ಅರ್ಧ ಮಿಲಿಮೀಟರ್. ಸೆಮಿಲಾಗ್ ಶೀಟಿನಲ್ಲಿ ಹಾಕಿದರೆ ಮೂರೂ ಕಣ್ಣಿಗೆ ಕಾಣುತ್ತೆ, ನಿಜ. ಆದರೆ ಆಗ ಅವುಗಳ ನಡುವಿನ ಅಂತರ ಸಣ್ಣದಾಗಿ ಕಾಣುತ್ತೆ. ಇಲ್ಲಿ ತೋರಿಸಬೇಕಾದ ವಿಷಯವೇ ಆ ಅಂತರ. ಅದಕ್ಕೆ ನಮ್ಮ ಓಟು ಮಾಮೂಲಿ ಸ್ಕೇಲಿಗೆ. ಪ್ರತಿ ಪಟ್ಟಿಯ ಪಕ್ಕ ಸಂಖ್ಯೆಗಿಂತ ಮೊದಲು ಅದನ್ನು ಹೇಳಿದವರ ಹೆಸರು ಇರಬೇಕು. ಇನ್ನೊಂದು ಬೂದು ಪಟ್ಟಿ ಸೇರಿಸಬಹುದು: 1871ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 1,68,312. ಅಂದ್ರೆ 16.8 ಸೆಂಟಿಮೀಟರ್. ಅದು ಬೇರೆ ಕಾಲದ ಲೆಕ್ಕ ಅಂತ ಬರೆದೇ ಇಡಬೇಕು. ಆದರೂ 70,000 ಅನ್ನೋದು ಈ ಸಣ್ಣ ನಾಡಿಗೆ ಎಂಥಾ ಸಂಖ್ಯೆ ಅಂತ ಅದರ ಪಕ್ಕ ಇಟ್ಟಾಗಲೇ ಗೊತ್ತಾಗೋದು. ಈ ಗ್ರಾಫು ಜಗಳ ಬಿಡಿಸಲ್ಲ. ಜಗಳ ಯಾವುದರ ಬಗ್ಗೆ ಅಂತಾದ್ರೂ ತೋರಿಸುತ್ತೆ.

ಅಂದಹಾಗೆ, ವಿಲಿಯಂ ಪ್ಲೇಫೇರ್ ಅನ್ನುವವರು ಬಾರ್ ಚಾರ್ಟ್ ಇದ್ದ ಪುಸ್ತಕವನ್ನು ಲಂಡನ್ನಿನಲ್ಲಿ ಮೊದಲ ಸಲ ಅಚ್ಚು ಹಾಕಿಸಿದ್ದೂ ಇದೇ ದಶಕದಲ್ಲಿ, 1786ಕ್ಕೆ.

ಬಾರ್ ಚಾರ್ಟಿನ ಮಾಮೂಲಿ ಮೋಸವೂ ಗೊತ್ತಿರಲಿ. ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561, 2011ರಲ್ಲಿ 5,54,519. ಹತ್ತು ವರ್ಷಕ್ಕೆ ಹೆಚ್ಚಿದ್ದು ಶೇ. 1ರ ಸುಮಾರು. ವೈ-ಆಕ್ಸಿಸ್ಸನ್ನು ಸೊನ್ನೆ ಬಿಟ್ಟು 5,45,000ದಿಂದ ಶುರು ಮಾಡಿ, ಎರಡನೇ ಬಾರ್ ಮೊದಲನೆಯದರ ಎರಡೂವರೆ ಪಟ್ಟು ಮೀರುತ್ತೆ! ಎಕ್ಸೆಲ್ ಕೆಲವೊಮ್ಮೆ ತಾನಾಗಿಯೇ ಹೀಗೆ ಮಾಡಿಬಿಡುತ್ತೆ, ಸೆಟ್ಟಿಂಗ್ ನೋಡಿಕೊಳ್ಳಿ.

ಮ್ಯಾಪ್ ಹಾಕುವವರಿಗೂ ಒಂದು ಮಾತು. ರಾಜರ ಕಾಲದ ಕೊಡಗಿಗೆ ಇವತ್ತಿನ ಜಿಲ್ಲೆಯ ಔಟ್‌ಲೈನ್ ಬಳಸಬೇಡಿ. ಅಮರ ಸುಳ್ಯ, ಪುತ್ತೂರು ಆಗ ಕೊಡಗಿನೊಳಗಿದ್ದವು. 1834ರ ನಂತರವೇ ಅವು ಕೆನರಾ ಜಿಲ್ಲೆಗೆ ಹೋದದ್ದು. 2011ರ ಅಂಕಿಅಂಶದಲ್ಲಿ ವಿರಾಜಪೇಟೆ ತಾಲ್ಲೂಕು ಅಂದ್ರೆ ಪೊನ್ನಂಪೇಟೆಯೂ ಸೇರಿದ ಹಳೇ ತಾಲ್ಲೂಕು. ಈಗ ಅವೆರಡೂ ಬೇರೆ.

ಇನ್ನು ನವೆಂಬರ್ 1. ಕನ್ನಡ ಸಂಘದವರಾದ ನಮಗೆ ಅದು ಗೆರೆಗಳು ಬಂದು ಸೇರುವ ದಿನ. ಕೊಡಗಿನ ಗೆರೆಯಲ್ಲಿ ಅದೇ ದಿನ ಒಂದು ರಾಜ್ಯ ಮುಗಿಯಿತು. 1952ರ ಚುನಾವಣೆಯಲ್ಲಿ ಕೊಡಗು ರಾಜ್ಯಕ್ಕೆ ತನ್ನದೇ 24 ಸ್ಥಾನಗಳ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ವಿಲೀನದ ಪರ ಇದ್ದ ಕಾಂಗ್ರೆಸ್ಸಿಗೆ 15 ಸ್ಥಾನ, ವಿಲೀನ ಬೇಡ ಅಂದ ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷಕ್ಕೆ 9. ಬರೀ "ಸೇರಿತು" ಅಂತ ಒಂದು ಬಾಣ ಹಾಕಿದರೆ ಆ 9 ಸ್ಥಾನ ಕಾಣೆಯಾಗುತ್ತೆ. ಬಾಣ ಇರಲಿ, ಜೊತೆಗೆ 24 ಸಣ್ಣ ಚೌಕಗಳಿರಲಿ, 15 ಒಂದು ಬಣ್ಣ, 9 ಇನ್ನೊಂದು.

ತೊಂದರೆ ಏನಂದ್ರೆ ನಮ್ಮ ಸ್ಕೇಲಿನಲ್ಲಿ 1952ರಿಂದ 1956 ಬರೀ 4 ಮಿಲಿಮೀಟರ್. ಅಲ್ಲಿ 24 ಚೌಕ ಹಿಡಿಯಲ್ಲ. ಮೆಷಿನ್ ಡ್ರಾಯಿಂಗಿನಲ್ಲಿ ಮಾಡೋ ಹಾಗೆ ಆ ಭಾಗಕ್ಕೆ ಒಂದು ಸುತ್ತು ಹಾಕಿ, ಪಕ್ಕದಲ್ಲಿ ದೊಡ್ಡದು ಮಾಡಿ ಬರೆದು, ಇದರ ಸ್ಕೇಲ್ ಬೇರೆ ಅಂತ ಕೆಳಗೆ ಸ್ಪಷ್ಟವಾಗಿ ಹಾಕಿಬಿಡಿ.