ನೆಲದಡಿಯಿಂದ ಅಡುಗೆಮನೆಗೆ

ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಮಡಲು, ಕೊತ್ತಳಿಗೆ, ಗೆರಟೆಗಳೇ ಉರುವಲು. ಮಳೆಗಾಲದಲ್ಲಿ ಒದ್ದೆ ಸೌದೆಯನ್ನು ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡವರು ಅವರು. ಬಳಿಕ ಗ್ಯಾಸಿನ ಸಿಲಿಂಡರ್ ಬಂದು ಹೊಗೆಯಿಂದ ಬಿಡುಗಡೆ ನೀಡಿತು. ಈಗ ಮೂರನೆಯ ಬಗೆಯ ಒಲೆಯ ಮಾತು ಕೇಳಿಬರುತ್ತಿದೆ. ನಳ್ಳಿಯಲ್ಲಿ ನೀರು ಬರುವಂತೆ ಕೊಳವೆಯಲ್ಲಿ ಅನಿಲ ಬರುತ್ತದೆ ಎನ್ನುತ್ತಾರೆ. ಇದು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ, ಇದನ್ನು ನಂಬಬಹುದೇ ಎಂಬ ಪ್ರಶ್ನೆಗಳು ನಮ್ಮಲ್ಲಿಯೂ ಎದ್ದವು. ನಾವು ತಿಳಿದುಕೊಂಡುದನ್ನು ಓದುಗರ ಮುಂದಿಡುತ್ತಿದ್ದೇವೆ.

ಸಿಲಿಂಡರಿನಲ್ಲಿರುವುದು ಪೆಟ್ರೋಲಿಯಂ ಅನಿಲ. ಅಂದರೆ ಪ್ರೋಪೇನ್ ಮತ್ತು ಬ್ಯೂಟೇನ್. ಕೊಳವೆಯಲ್ಲಿ ಬರುವುದು ನೈಸರ್ಗಿಕ ಅನಿಲ. ಅದರಲ್ಲಿ ಬಹುಭಾಗ ಮೀಥೇನ್. ವಿದೇಶದ ಬಾವಿಗಳಿಂದ ತೆಗೆದ ಈ ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದರೆ ಅದು ದ್ರವವಾಗಿ, ಗಾತ್ರದಲ್ಲಿ ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಗ ಹಡಗಿನಲ್ಲಿ ತರುವುದು ಸಾಧ್ಯವಾಗುತ್ತದೆ. ಕೊಚ್ಚಿಯ ಪುದುವೈಪ್ಪಿನಲ್ಲಿ 2013ರಲ್ಲಿ ಆರಂಭವಾದ ಪೆಟ್ರೋನೆಟ್ ಸಂಸ್ಥೆಯ ನೆಲೆಯಲ್ಲಿ ಇದನ್ನು ಇಳಿಸಿಕೊಂಡು, ಬಿಸಿ ಮಾಡಿ, ಮತ್ತೆ ಅನಿಲವಾಗಿಸುತ್ತಾರೆ.

ಅಲ್ಲಿಂದ ಮಂಗಳೂರಿನವರೆಗೆ ಸುಮಾರು 450 ಕಿಲೋಮೀಟರ್ ಉದ್ದದ ದೊಡ್ಡ ಕೊಳವೆಯನ್ನು ಗೇಲ್ ಸಂಸ್ಥೆ ಹಾಕಿದೆ. ಅದು ಎರ್ನಾಕುಳದಿಂದ ಮೊದಲ್ಗೊಂಡು ನಮ್ಮ ಕಾಸರಗೋಡಿನವರೆಗೆ ಕೇರಳದ ಏಳು ಜಿಲ್ಲೆಗಳನ್ನು ಹಾಯುತ್ತದೆ. ಕೊನೆಗೆ ಉಳಿದ ತೊಡಕು ನಮ್ಮ ಚಂದ್ರಗಿರಿ ಹೊಳೆಯದೇ. ಹೊಳೆಯ ತಳದ ಕೆಳಗೆ ಅಡ್ಡಲಾಗಿ ಕೊರೆದು ಕೊಳವೆಯನ್ನು ದಾಟಿಸುವ ಕೆಲಸ 2020ರ ಕೊನೆಯಲ್ಲಿ ಮುಗಿಯಿತು. 2021ರ ಜನವರಿ 5ರಂದು ಈ ಕೊಳವೆ ಮಾರ್ಗದ ಉದ್ಘಾಟನೆ ನಡೆಯಿತು.

ಆದರೆ ದೊಡ್ಡ ಕೊಳವೆ ನಮ್ಮೂರಿನ ಅಡಿಯಲ್ಲಿ ಹಾದುಹೋದ ಮಾತ್ರಕ್ಕೆ ನಮ್ಮ ಒಲೆ ಉರಿಯುವುದಿಲ್ಲ. ಹೆದ್ದಾರಿಯಿಂದ ಮನೆಯಂಗಳಕ್ಕೆ ಸಣ್ಣ ದಾರಿ ಬೇಕಾಗುವಂತೆ, ಇಲ್ಲಿಯೂ ಬೇರೆಯೇ ಒಂದು ಜಾಲ ಬೇಕು. ಅದನ್ನು ಕಟ್ಟಿ ನಡೆಸುವುದೇ ನಗರ ಅನಿಲ ವಿತರಣಾ ಕಂಪೆನಿಯ ಕೆಲಸ. 2006ರ ಕಾನೂನಿನಂತೆ ರಚಿತವಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ದೇಶವನ್ನು ವಲಯಗಳಾಗಿ ವಿಂಗಡಿಸಿ, ಒಂದೊಂದು ವಲಯವನ್ನು ಒಂದೊಂದು ಕಂಪೆನಿಗೆ ವಹಿಸುತ್ತದೆ. ಕಣ್ಣೂರು, ಕಾಸರಗೋಡು ಮತ್ತು ಮಾಹೆ ಸೇರಿದ ವಲಯವು 2018ರಲ್ಲಿ ಇಂಡಿಯನ್ ಆಯಿಲ್ ಮತ್ತು ಅದಾನಿ ಸಂಸ್ಥೆಗಳ ಸಮಪಾಲಿನ ಜಂಟಿ ಕಂಪೆನಿಗೆ ಬಂತು. ಗಡಿಯಾಚೆಯ ದಕ್ಷಿಣ ಕನ್ನಡವು ಗೇಲ್ ಗ್ಯಾಸ್ ಕಂಪೆನಿಯ ವಲಯ.

ಇಂತಹ ಕಂಪೆನಿಯ ಕೆಲಸದ ತಿರುಳನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು ಒಂದು ಬಾರ್. ವಿತರಣಾ ಜಾಲದ ಮೊದಲ ಹಂತದ ಉಕ್ಕಿನ ಕೊಳವೆಗಳಲ್ಲಿ ಒತ್ತಡ 49 ಬಾರ್‌ವರೆಗೆ ಇರಬಹುದು. ಇಷ್ಟು ಒತ್ತಡವಿರುವ ಅನಿಲ ಐನೂರು ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲದು. ಊರ ಬೀದಿಗಳ ಬಳಿ ನಿಯಂತ್ರಕ ಯಂತ್ರಗಳು ಇದನ್ನು ಸುಮಾರು 4 ಬಾರ್‌ಗೆ ಇಳಿಸುತ್ತವೆ. ಅಂದರೆ ಎರಡು ಮೂರು ತೆಂಗಿನ ಮರದಷ್ಟು ಎತ್ತರದ ನೀರು. ಇಲ್ಲಿಂದ ಮುಂದೆ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಗಳು. ಮನೆಗಳ ಸಮೀಪ ಒತ್ತಡವನ್ನು ಒಂದು ಬಾರಿನ ಹತ್ತನೆಯ ಒಂದು ಭಾಗಕ್ಕೆ ತಂದು, ಕೊನೆಗೆ ಮೀಟರಿನ ಬಳಿ 21 ಮಿಲಿಬಾರ್‌ಗೆ ಇಳಿಸುತ್ತಾರೆ.

ಪ್ರಯೋಗಾಲಯದಲ್ಲಿ ನಾವು ನೋಡಿರುವ 'ಯು' ಆಕಾರದ ಗಾಜಿನ ಕೊಳವೆಗೆ ನೀರು ತುಂಬಿ ಇದನ್ನು ಅಳೆದರೆ, ಎರಡು ತೋಳುಗಳ ನೀರಿನ ಮಟ್ಟದಲ್ಲಿ ಕಾಣುವ ವ್ಯತ್ಯಾಸ ಸುಮಾರು 21 ಸೆಂಟಿಮೀಟರ್; ನಮ್ಮ ಅಡಿಪಟ್ಟಿಗಿಂತಲೂ ಗಿಡ್ಡ! ಐನೂರು ಮೀಟರಿನಿಂದ ಅಡಿಪಟ್ಟಿಯೊಳಗಿನ ಅಳತೆಗೆ ಇಳಿಸಿದ ಮೇಲೆಯೇ ಅನಿಲಕ್ಕೆ ಅಡುಗೆಮನೆಗೆ ಪ್ರವೇಶ. ಮೀಟರ್ ಇರುವುದರಿಂದ ವಿದ್ಯುತ್ತಿನಂತೆ ಬಳಸಿದಷ್ಟಕ್ಕೆ ಹಣ ಕೊಟ್ಟರಾಯಿತು. ಆದರೆ ಹಳೆಯ ಒಲೆಯನ್ನು ಹಾಗೆಯೇ ಜೋಡಿಸುವಂತಿಲ್ಲ. ಅಷ್ಟೇ ಗಾತ್ರದ ಮೀಥೇನ್ ಕೊಡುವ ಶಾಖ ಕಡಿಮೆಯಾದುದರಿಂದ, ಬರ್ನರಿಗೆ ಅನಿಲ ಹಾಯುವ ರಂಧ್ರ ದೊಡ್ಡದಾಗಿರಬೇಕು. ಕಂಪೆನಿಯ ಕೆಲಸಗಾರರು ಈ ಬದಲಾವಣೆ ಮಾಡಿಕೊಡುತ್ತಾರೆ.

ಇನ್ನು ಅಪಾಯದ ಮಾತು. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಅನಿಲದ ಟ್ಯಾಂಕರ್ ಮಗುಚಿ ಹೊತ್ತಿ ಉರಿದು ಇಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡುದನ್ನು ನಮ್ಮ ಹಿರಿಯರು ಮರೆತಿಲ್ಲ. ಪೆಟ್ರೋಲಿಯಂ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಮೀಥೇನ್ ಗಾಳಿಗಿಂತ ಹಗುರ. ತೆರೆದ ಜಾಗದಲ್ಲಿ ಮೇಲೇರಿ ಚದುರಿಹೋಗುತ್ತದೆ. ಇದು ಅದರ ದೊಡ್ಡ ಗುಣ. ಆದರೆ ಮುಚ್ಚಿದ ಕೋಣೆಯಲ್ಲಿ ಅದು ಮಾಡಿನಡಿಯಲ್ಲಿ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ 5ರಿಂದ 15 ಭಾಗ ಬೆರೆತಾಗ ಒಂದು ಕಿಡಿ ಸಾಕು.

ಶುದ್ಧ ಮೀಥೇನಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದರಿಂದ ಎಂತಹ ಅನಾಹುತವಾಗಬಹುದೆಂಬುದನ್ನು ಜಗತ್ತು ಕಲಿತುದು ಒಂದು ಶಾಲೆಯಲ್ಲಿ. ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ಸೋರಿದ ಅನಿಲ ಯಾರ ಗಮನಕ್ಕೂ ಬಾರದೆ ತುಂಬಿಕೊಂಡಿತ್ತು. 1937ರ ಮಾರ್ಚ್ 18ರಂದು ಅದು ಸಿಡಿದು ಸುಮಾರು ಮುನ್ನೂರು ಮಂದಿ ಮಕ್ಕಳೂ ಅಧ್ಯಾಪಕರೂ ಮಡಿದರು. ಆ ಬಳಿಕವೇ ಅನಿಲಕ್ಕೆ ದುರ್ವಾಸನೆ ಬೆರೆಸುವ ಕಾನೂನು ಅಲ್ಲಿ ಬಂತು. ಈ ಪದ್ಧತಿ ಬೇರೆ ದೇಶಗಳಲ್ಲಿಯೂ ನೆಲೆಯೂರಿತು. ಇಂದು ಮರ್ಕ್ಯಾಪ್ಟನ್ ಮುಂತಾದ ಗಂಧಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಗಾಳಿಯಲ್ಲಿ ನೂರಕ್ಕೆ ಒಂದು ಭಾಗ ಅನಿಲವಿರುವಾಗಲೇ, ಅಂದರೆ ಹೊತ್ತಿಕೊಳ್ಳುವ ಹಂತಕ್ಕೆ ಬಹಳ ಮೊದಲೇ, ಮೂಗಿಗೆ ಸುದ್ದಿ ಮುಟ್ಟುತ್ತದೆ. ಆ ನಾತ ಆ ಮಕ್ಕಳು ನಮಗೆ ಬಿಟ್ಟುಹೋದ ಎಚ್ಚರಿಕೆ ಎಂದು ನಾವು ತಿಳಿಯಬೇಕು.

ಕಂಪೆನಿಯವರಿಗೆ ಕೊಳವೆ ಹೂತ ಮೇಲೂ ಬಿಡುವಿಲ್ಲ. ಉಕ್ಕಿಗೆ ತುಕ್ಕು ಹಿಡಿಯದಂತೆ ರಕ್ಷಣೆ, ಕೊಳವೆಯ ದಾರಿಯುದ್ದಕ್ಕೂ ಪಹರೆ, ಸೋರಿಕೆಯ ತಪಾಸಣೆ, ಹಗಲಿರುಳು ಒತ್ತಡವನ್ನು ಗಮನಿಸುವ ಕೊಠಡಿ ಎಲ್ಲವೂ ಬೇಕು. ಇಷ್ಟಾದರೂ ಅವರ ಕೈಮೀರಿದ ಅಪಾಯವೊಂದಿದೆ. ಅದೇ ಕೇಳದೆ ಅಗೆಯುವುದು. ನೀರಿನ ಕೊಳವೆಗೋ ಆವರಣ ಗೋಡೆಗೋ ಜೆ.ಸಿ.ಬಿ. ತಂದು ಗುರುತುಕಲ್ಲನ್ನು ಲೆಕ್ಕಿಸದೆ ಅಗೆದರೆ, ಒಂದೇ ಏಟಿಗೆ ಕೊಳವೆ ಒಡೆಯಬಹುದು.

ಜನರ ಅಳಲನ್ನೂ ಮರೆಯಬಾರದು. ದೊಡ್ಡ ಕೊಳವೆ ಹಾದುಹೋಗುವ ಪಟ್ಟಿಯಲ್ಲಿ ಭೂಮಿಯ ಒಡೆತನ ಒಡೆಯನದೇ ಆದರೂ, 1962ರ ಕಾನೂನಿನಂತೆ ಅಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಹತ್ತು ಸೆಂಟ್ಸ್ ಜಾಗವೇ ಸರ್ವಸ್ವವಾದವನಿಗೆ ಇದು ಸಣ್ಣ ಮಾತಲ್ಲ. 2017ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಮುಕ್ಕಂ ಪರಿಸರದಲ್ಲಿ ಜನರು ಪ್ರತಿಭಟಿಸಿದುದು ಇಂತಹ ಆತಂಕದಿಂದಲೇ. ನೈಸರ್ಗಿಕ ಅನಿಲವು ಸೌದೆ, ಕಲ್ಲಿದ್ದಲುಗಳಿಗಿಂತ ಶುಭ್ರವಾಗಿ ಉರಿಯುತ್ತದೆ, ನಿಜ. ಆದರೆ ಇದೂ ಮುಗಿದುಹೋಗುವ ಇಂಧನವೇ. ಉರಿಯದೆ ಸೋರಿದ ಮೀಥೇನ್ ಭೂಮಿಯ ತಾಪವನ್ನು ಇಂಗಾಲಾಮ್ಲಕ್ಕಿಂತ ಎಷ್ಟೋ ಪಾಲು ಹೆಚ್ಚಿಸುತ್ತದೆ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ನಮ್ಮ ಕರ್ತವ್ಯವೇನು? ವಾಸನೆ ಬಂದರೆ ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ತೆಗೆಯಲೂಬಾರದು. ಬೆಂಕಿಕಡ್ಡಿ ಗೀರಬಾರದು. ಒಲೆಯ ಮತ್ತು ಮೀಟರಿನ ಬಳಿಯ ಕವಾಟಗಳನ್ನು ಮುಚ್ಚಿ, ಕಿಟಕಿ ಬಾಗಿಲು ತೆರೆದಿಟ್ಟು, ಹೊರಗೆ ಬಂದು, ಅಲ್ಲಿಂದ ಕಂಪೆನಿಗೆ ಫೋನ್ ಮಾಡಬೇಕು. ಅಗೆಯುವ ಮೊದಲು ಕೇಳಬೇಕು. ಈ ಮಾತುಗಳು ಮಲಯಾಳ, ಇಂಗ್ಲಿಷುಗಳ ಜೊತೆಗೆ ಕನ್ನಡದಲ್ಲಿಯೂ ಗುರುತುಕಲ್ಲುಗಳ ಮೇಲೆ, ಮೀಟರುಗಳ ಬಳಿ ಇರಬೇಕೆಂಬುದು ನಮ್ಮ ಕೋರಿಕೆ. ಒಲೆಯ ಮುಂದೆ ನಿಲ್ಲುವ ನಮ್ಮ ಅಜ್ಜಿಗೆ, ಅಮ್ಮನಿಗೆ ಓದಲು ಬರುವ ಭಾಷೆ ಅದು. ಅಲ್ಲಿಯವರೆಗೆ ಈ ಲೇಖನವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಕೆಲಸ ನಮ್ಮದೇ.