ಉಡುಪಿನ ಇಂಗ್ಲೀಷು ಮಾತುಗಳು

ನಾಗಮಂಗಲದ ಸೀಮೆಯಲ್ಲಿ ‘ಜರ್ಸಿ’ ಎಂಬ ಮಾತನ್ನು ಅರಿಯದ ಮನೆಯಿಲ್ಲ. ಹಳ್ಳಿಕಾರ್ ದನಗಳಿಗೆ ಹೆಸರಾದ ಈ ನಾಡಿನಲ್ಲಿ ಹಾಲಿನ ಸಂಘಗಳು ಹಳ್ಳಿಹಳ್ಳಿಗೂ ಬಂದಮೇಲೆ ಆ ಮಾತೂ ಜೊತೆಯಲ್ಲಿಯೇ ಬಂದು ಕೊಟ್ಟಿಗೆಯಲ್ಲಿ ನೆಲಸಿತು. ಆದರೆ ಅದೇ ಮನೆಯ ಹುಡುಗನು ಶಾಲೆಯಿಂದ ಬಂದು, “ಅಜ್ಜೀ, ಕಬಡ್ಡಿ ಪಂದ್ಯಕ್ಕೆ ನನಗೊಂದು ಜರ್ಸಿ ಬೇಕು” ಎಂದರೆ, “ಆಟಕ್ಕೆ ಹಸ ಯಾಕ್ಲಾ ಮಗ?” ಎಂದು ಅಜ್ಜಿಯು ಕೇಳುವುದರಲ್ಲಿ ತಪ್ಪೇನಿದೆ? ಅಜ್ಜಿಯದೂ ಸರಿ, ಮೊಮ್ಮಗನದೂ ಸರಿ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ ಜರ್ಸಿ ಎಂಬ ಪುಟ್ಟ ದ್ವೀಪವೊಂದುಂಟು. ಅಲ್ಲಿನ ಬೆಸ್ತರು ತೊಡುತ್ತಿದ್ದ ಹೆಣಿಗೆಯ ಉಣ್ಣೆ ಅಂಗಿಗೂ, ಅಲ್ಲಿ ಬೆಳೆದ ಹಸುವಿನ ತಳಿಗೂ ಆ ದ್ವೀಪದ ಹೆಸರೇ ನಿಂತಿತು. ಎರಡೂ ಬೇರೆ ಬೇರೆ ಹಾದಿಗಳಲ್ಲಿ ಹೊರಟು ಬಂದು ನಮ್ಮ ಮನೆಯೊಂದರ ಜಗುಲಿಯ ಮೇಲೆ ಒಂದನ್ನೊಂದು ಕಂಡಿವೆ.

ಇಂಗ್ಲೀಷಿನ ಬಟ್ಟೆಬರೆಯ ಮಾತುಗಳೆಲ್ಲವೂ ಬಹುಮಟ್ಟಿಗೆ ಈ ಬಗೆಯವೇ. ನಿಘಂಟಿನಲ್ಲಿ ಒಂದು ಮಾತಿಗೆ ಎದುರಾಗಿ ಒಂದು ಅರ್ಥವನ್ನು ಬರೆದುಕೊಂಡು ಉರುಹೊಡೆದ ಮಕ್ಕಳಿಗೆ ಇವು ಕಾಲುತೊಡರಾಗುವಷ್ಟು ಮತ್ತಾವ ಮಾತುಗಳೂ ಆಗಲಾರವು. ಈ ಸೀಮೆಗಾದರೋ ಇಂಗ್ಲೀಷಿನ ವಿಚಾರವು ಹೊಸತಲ್ಲ. ಇಂಗ್ಲೀಷ್ ಕವನಗಳನ್ನು ಕನ್ನಡದಲ್ಲಿ ಹಾಡಿಸಿದ ಬಿ. ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರವು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ನೂರೇಳು ವರ್ಷ ಬಾಳಿ 2021ರಲ್ಲಿ ತೀರಿಕೊಂಡ ನಿಘಂಟುಕಾರರಾದ ಜಿ. ವೆಂಕಟಸುಬ್ಬಯ್ಯನವರ ಹೆಸರಿನ ಮೊದಲಕ್ಷರವು ಶ್ರೀರಂಗಪಟ್ಟಣದ ಗಂಜಾಂ. ಪರಭಾಷೆಗಳಿಂದ ಬಂದ ಮಾತುಗಳಿಗಾಗಿಯೇ ಅವರು ‘ಎರವಲು ಪದಕೋಶ’ವೆಂಬ ಬೇರೊಂದು ಕೋಶವನ್ನು ರಚಿಸಿದರು. ಎರವಲು ತಂದ ಒಡವೆಯನ್ನು ಹೇಗೆ ಬೇಕಾದರೂ ತೊಡಬಹುದೆಂಬುದಕ್ಕೆ ನಮ್ಮ ಮನೆಗಳ ಮಾತೇ ಸಾಕ್ಷಿಯಾಗಿದೆ.

‘ಕರ್ಚೀಫ’ನ್ನೇ ನೋಡಿರಿ. ಹಳೆಯ ಫ್ರೆಂಚ್ ಭಾಷೆಯಲ್ಲಿ ಈ ಮಾತಿನ ಅರ್ಥವು ‘ತಲೆ ಮುಚ್ಚುವುದು’ ಎಂದು. ತಲೆಯ ವಸ್ತ್ರವು ಕೈಗಿಳಿದಾಗ ಇಂಗ್ಲೀಷರು ಅದರ ಹಿಂದೆ ‘ಹ್ಯಾಂಡ್’ ಎಂದು ಸೇರಿಸಿ ‘ಕೈಯ ತಲೆಮುಚ್ಚುಗೆ’ ಎಂಬ ವಿಚಿತ್ರವಾದ ಸಮಾಸವನ್ನು ಮಾಡಿಕೊಂಡರು. ನಾವು ‘ಹ್ಯಾಂಡ’ನ್ನು ಬಿಸುಟು ಮತ್ತೆ ಕರ್ಚೀಫೆಂದೇ ಕರೆದೆವು. ಬಿಸಿಲಿನಲ್ಲಿ ಅದನ್ನೇ ನಾಲ್ಕು ಮೂಲೆ ಗಂಟುಹಾಕಿ ತಲೆಗಿಟ್ಟು ಸಂತೆಗೆ ಹೋಗುವಾತನು, ತಿಳಿಯದೆಯೇ ಮೂಲಾರ್ಥವನ್ನು ಎತ್ತಿಹಿಡಿದಿದ್ದಾನೆ!

‘ಪೆಟಿಕೋಟು’ ಎಂದರೆ ‘ಚಿಕ್ಕ ಕೋಟು’. ಮೊದಲಲ್ಲಿ ಅದು ಗಂಡಸರು ಮೇಲಂಗಿಯ ಒಳಗೆ ತೊಡುತ್ತಿದ್ದ ತುಂಡಂಗಿ. ಕಾಲಕ್ರಮದಲ್ಲಿ ಅದು ಹೆಂಗಸರ ಪಾಲಾಗಿ, ಎದೆಯಿಂದ ಸೊಂಟಕ್ಕಿಳಿದು, ನಮ್ಮಲ್ಲಿ ಸೀರೆಯ ಒಳಲಂಗವಾಯಿತು. ‘ಫ್ರಾಕು’ ಸನ್ಯಾಸಿಗಳ ನಿಲುವಂಗಿಯಾಗಿತ್ತು. ಪಾದ್ರಿಯನ್ನು ಮಠದಿಂದ ಹೊರಹಾಕುವುದಕ್ಕೆ ಇಂಗ್ಲೀಷಿನಲ್ಲಿ ಇಂದಿಗೂ ‘ಫ್ರಾಕು ಕಳಚುವುದು’ ಎಂಬರ್ಥದ ಮಾತೇ ಇದೆ. ನಮ್ಮಲ್ಲಿಯೋ ಆರು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಅದನ್ನು ಹೊಲಿಸುತ್ತೇವೆ. ‘ಜಾಕೀಟು’ ಎಂದೊಡನೆ ಹಳೆಯ ತಲೆಮಾರಿನ ಗೃಹಿಣಿಗೆ ನೆನಪಾಗುವುದು ರವಿಕೆ, ಆಕೆಯ ಮಗನಿಗೆ ನೆನಪಾಗುವುದು ಚಳಿಗಾಲದ ದಪ್ಪ ಮೇಲಂಗಿ. ಇಂಗ್ಲೀಷರಲ್ಲಿ ಪುಸ್ತಕದ ಹೊರಹೊದಿಕೆಗೂ ಜಾಕೀಟೇ, ಸಿಪ್ಪೆಸಹಿತ ಬೇಯಿಸಿದ ಆಲೂಗೆಡ್ಡೆಗೂ ಜಾಕೀಟೇ. ‘ಕೋಟು’ ಮದುವೆಯ ಗಂಡಿನ ಮೈಮೇಲೂ ಉಂಟು, ಗೋಡೆಯ ಮೇಲೂ ಉಂಟು. ಬಣ್ಣ ಬಳಿಯುವವನು “ಎರಡು ಕೋಟು ಹೊಡೆಯಬೇಕು ಸ್ವಾಮಿ” ಎಂದರೆ ಯಜಮಾನನು ಬೆದರುವುದು ಖರ್ಚಿಗಾಗಿಯೇ ಹೊರತು ಅರ್ಥವಾಗದೆ ಅಲ್ಲ.

‘ಡ್ರೆಸ್ಸು’ ಎಂಬುದರ ಮೂಲವು ‘ನೆಟ್ಟಗೆ ಮಾಡು, ಅಣಿಗೊಳಿಸು’ ಎಂದು. ಆದುದರಿಂದಲೇ ಆಸ್ಪತ್ರೆಯಲ್ಲಿ ಗಾಯಕ್ಕೆ ‘ಡ್ರೆಸ್ಸಿಂಗ್’ ಮಾಡುತ್ತಾರೆ, ಮನೆ ಕಟ್ಟುವಲ್ಲಿ ಕಲ್ಲನ್ನು ‘ಡ್ರೆಸ್’ ಮಾಡುತ್ತಾರೆ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಡ್ರೆಸ್ಸೆಂದರೆ ಚೂಡಿದಾರವೊಂದೇ. “ನಾಳೆ ನಾಮಕರಣಕ್ಕೆ ಸೀರೆ ಉಡಲೋ, ಡ್ರೆಸ್ ಹಾಕಿಕೊಳ್ಳಲೋ, ಅಮ್ಮಾ?” ಎಂಬ ಪ್ರಶ್ನೆಯನ್ನು ಅಕ್ಷರಶಃ ಇಂಗ್ಲೀಷಿನಲ್ಲಿ ಕೇಳಿದ ಪರಕೀಯನು, ಸೀರೆಯು ಉಡುಪೇ ಅಲ್ಲವೇನೋ ಎಂದು ದಿಗ್ಭ್ರಮೆಗೊಂಡಾನು. ಇನ್ನು ‘ನೈಟಿ’ಯ ಮಾತು. ರಾತ್ರಿಯ ಉಡುಪೆಂದು ಹೆಸರಿಟ್ಟುಕೊಂಡು ಬಂದ ಇದು ಹಗಲನ್ನೆಲ್ಲ ಆಕ್ರಮಿಸಿ, ಹೆಗಲ ಮೇಲೊಂದು ಟವೆಲ್ಲನ್ನು ಹೊದ್ದುಕೊಂಡು ಬೀದಿಯ ತುದಿಯ ಅಂಗಡಿಯವರೆಗೂ ಹೋಗಿಬರುತ್ತಿದೆ. ಇದನ್ನು ನಾನು ಆಕ್ಷೇಪಿಸುತ್ತಿಲ್ಲ, ಅಡಿಗೆಯ ಸೆಕೆಯನ್ನು ಬಲ್ಲವರು ಆಕ್ಷೇಪಿಸಲಾರರು. ಹೆಸರಿಗೂ ಹೊತ್ತಿಗೂ ಸಂಬಂಧ ಕಡಿದುಹೋಗಿದೆ ಎಂದಷ್ಟೇ ಹೇಳಿದೆ.

ನಗುವಿನ ಮಾತು ಇಷ್ಟಕ್ಕೇ ಇರಲಿ. ಇಂದು ಕೃಷ್ಣರಾಜಪೇಟೆ, ಪಾಂಡವಪುರಗಳ ಕಡೆಯ ಮಕ್ಕಳೂ ಓದಿಗಾಗಿ, ಉದ್ಯೋಗಕ್ಕಾಗಿ ಲಂಡನ್ನಿಗೋ ಅಮೆರಿಕಕ್ಕೋ ಹೋಗುತ್ತಾರೆ. ‘ಪ್ಯಾಂಟ್ಸ್’ ಎಂದರೆ ಅಮೆರಿಕದಲ್ಲಿ ನಮ್ಮಲ್ಲಿಯಂತೆಯೇ ಷರಾಯಿ. ಇಂಗ್ಲೆಂಡಿನಲ್ಲಿ ಅದು ಸಾಮಾನ್ಯವಾಗಿ ಒಳಚಡ್ಡಿ. ‘ವೆಸ್ಟ್’ ಇಂಗ್ಲೆಂಡಿನಲ್ಲಿ ಒಳಗಿನ ಬನೀನು, ಅಮೆರಿಕದಲ್ಲಿ ಕೋಟಿನ ಒಳಗೆ ತೊಡುವ ತೋಳಿಲ್ಲದ ನಡುವಂಗಿ. ಹೊಸ ಊರಿನಲ್ಲಿ, ನಾಲ್ವರ ಎದುರಿನಲ್ಲಿ, “ನನ್ನ ಪ್ಯಾಂಟ್ಸ್ ಒದ್ದೆಯಾಯಿತು” ಎಂದ ಹುಡುಗನು ಸುತ್ತಲಿನ ನಗೆಯನ್ನು ಕೇಳಿ, ತನ್ನ ಇಂಗ್ಲೀಷೇ ಕೆಟ್ಟದ್ದೆಂದು ಬಗೆದು ಬಾಯಿಮುಚ್ಚಿ ಕುಳಿತನೆಂದರೆ ಅದು ಸಣ್ಣ ನಷ್ಟವಲ್ಲ. ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಈ ಅಳುಕು ಮೊದಲೇ ಇರುತ್ತದೆ. ಇಂಗ್ಲೀಷರೂ ಅಮೆರಿಕನ್ನರೂ ಈ ಮಾತುಗಳಲ್ಲಿ ತಮ್ಮತಮ್ಮೊಳಗೇ ಎಡವುತ್ತಾರೆಂಬುದನ್ನು ತಾಯಿತಂದೆಗಳು ಮೊದಲೇ ತಿಳಿಸಿ ಕಳುಹಿಸಿದರೆ ಅಷ್ಟರಮಟ್ಟಿಗೆ ಮಕ್ಕಳ ಎದೆ ಗಟ್ಟಿಯಾಗುತ್ತದೆ.

ಮೇಲಾಗಿ, ಅವರ ಮಾತೆಂದು ನಾವು ತಿಳಿದಿರುವುದರಲ್ಲಿ ಕೆಲವು ನಮ್ಮ ದೇಶದವೇ ಆಗಿವೆ. ‘ಬನೀನು’ ಗುಜರಾತಿನ ವಾಣಿಯರ, ಎಂದರೆ ವರ್ತಕರ, ಹೆಸರು. ಅವರು ಕುಳಿತು ವ್ಯಾಪಾರ ಮಾಡುತ್ತಿದ್ದ ಆಲದಮರಕ್ಕೆ ಪಾಶ್ಚಾತ್ಯರು ಆ ಹೆಸರನ್ನೇ ಇಟ್ಟರು. ಅವರ ಉಡುಪನ್ನು ಹೋಲುವ ಸಡಿಲವಾದ ನಿಲುವಂಗಿಯನ್ನೂ ಹದಿನೆಂಟನೆಯ ಶತಮಾನದ ಇಂಗ್ಲೀಷ್ ದೊರೆಗಳು ಅದೇ ಹೆಸರಿನಿಂದ ಕರೆದು ಮನೆಯಲ್ಲಿ ತೊಟ್ಟರು. ಅಲ್ಲಿಂದ ಹಿಂದಿರುಗಿ ಬಂದ ಮಾತು ನಮ್ಮ ಬೆವರು ಹೀರುವ ಒಳಂಗಿಗೆ ಅಂಟಿತು. ‘ಕ್ಯಾಲಿಕೋ’ ಕೋಳಿಕ್ಕೋಡಿನಿಂದ ಹೋಯಿತು, ‘ಡಂಗರಿ’ ಮುಂಬಯಿಯ ಡೋಂಗ್ರಿಯಿಂದ. ಇಂಗ್ಲೀಷಿನ ‘ಗನ್ನಿ’ ನಮ್ಮ ಗೋಣಿಯೇ. ರಾಗಿ ತುಂಬಿದ ಗೋಣಿಯನ್ನು ಕೊಟ್ಟು ‘ಗನ್ನಿ ಬ್ಯಾಗ್’ ಎಂಬ ರಸೀತಿಯನ್ನು ಪಡೆದು ಬರುವ ರೈತನಿಗೆ ಈ ಸಂಗತಿ ತಿಳಿದಿದ್ದರೆ ಚೆನ್ನ.

ಹೀಗೆ ಮಾತುಗಳು ಬಂದು ಹೋಗುವುದರಿಂದ ಕೇಡೇನೂ ಇಲ್ಲ. ಆದರೆ ಒಂದು ಕಡೆ ನಮಗೆ ನಷ್ಟವಾಗುತ್ತಿದೆಯೆಂದು ತೋರುತ್ತದೆ. ಇಂಗ್ಲೀಷರು ಟೋಪಿ, ಅಂಗಿ, ಉಂಗುರ, ಪಾದರಕ್ಷೆ, ಎಲ್ಲಕ್ಕೂ ‘ವೇರ್’ ಎಂಬ ಒಂದೇ ಕ್ರಿಯಾಪದವನ್ನು ಹೇಳುತ್ತಾರೆ. ಬಟ್ಟೆಯು ಸವೆದುಹೋಗುವುದಕ್ಕೂ ಅದೇ. ಕನ್ನಡದಲ್ಲಿಯೋ ಸೀರೆಯನ್ನು ಉಡುತ್ತೇವೆ, ರವಿಕೆಯನ್ನು ತೊಡುತ್ತೇವೆ, ಕಂಬಳಿಯನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಹೂವನ್ನು ಮುಡಿಯುತ್ತೇವೆ, ಎಕ್ಕಡವನ್ನು ಮೆಟ್ಟುತ್ತೇವೆ, ಉಡಿದಾರವನ್ನು ಕಟ್ಟುತ್ತೇವೆ. ಒಡವೆಯು ಮೈಯ ಯಾವ ಭಾಗದ್ದು, ಅದನ್ನು ಹೇಗೆ ಧರಿಸಬೇಕು ಎಂಬುದೆಲ್ಲ ಕ್ರಿಯಾಪದದಲ್ಲಿಯೇ ಅಡಗಿದೆ. ಶಾಲೆಯ ಪುಸ್ತಕದಲ್ಲಿ ‘ವೇರ್’ ಎಂಬುದಕ್ಕೆ ‘ಹಾಕಿಕೋ’ ಎಂದು ಬರೆದುಕೊಂಡ ಮಕ್ಕಳು ಸೀರೆಯನ್ನೂ ಹಾಕಿಕೊಳ್ಳುತ್ತಾರೆ, ಹೂವನ್ನೂ ಹಾಕಿಕೊಳ್ಳುತ್ತಾರೆ. ಇದನ್ನು ಮನೆಯಲ್ಲಿಯೇ ತಿದ್ದಬೇಕಲ್ಲದೆ ಶಾಲೆಯಲ್ಲಿ ತಿದ್ದುವವರಿಲ್ಲ.

ಎರಡು ಭಾಷೆಗಳು ತಾವಾಗಿಯೇ ಒಂದೇ ದಾರಿ ಹಿಡಿದ ಸೋಜಿಗವೂ ಉಂಟು. ಬಟ್ಟೆಯನ್ನು ಮಡಿಸುವುದಕ್ಕೆ ಅವರು ‘ಫೋಲ್ಡ್’ ಎನ್ನುತ್ತಾರೆ. ಇಮ್ಮಡಿ, ಮುಮ್ಮಡಿ ಎನ್ನಬೇಕಾದಾಗಲೂ ಅವರು ಸಂಖ್ಯೆಯ ಮುಂದೆ ‘ಫೋಲ್ಡ್’ ಎಂದೇ ಸೇರಿಸುತ್ತಾರೆ. ಆದರೆ ಮೇಲುಕೋಟೆಯ ಮನೆಗಳಲ್ಲಿ ಗಳುವಿನ ಮೇಲೆ ಒಣಗುತ್ತಿರುವ ‘ಮಡಿ’ಯನ್ನು, ಅದನ್ನು ಮುಟ್ಟಬಾರದೆಂಬ ಕಟ್ಟಳೆಯನ್ನು ಇಂಗ್ಲೀಷಿನ ಯಾವ ಮಡಿಕೆಯೂ ಒಳಗೊಳ್ಳಲಾರದು.

‘ಟವೆಲ್’ ಮತ್ತು ‘ಶಾಲು’ಗಳ ಕಥೆ ಇನ್ನೂ ಬೇರೆ. ಟವೆಲ್ ಇಂಗ್ಲೀಷಿನಲ್ಲಿ ಮೈ ಒರಸುವ ಬಟ್ಟೆ. ಶಾಲು ಪಾರಸಿಯಿಂದ ಬಂದದ್ದು, ಪಾಶ್ಚಾತ್ಯರಲ್ಲಿ ಹೆಚ್ಚಾಗಿ ಸ್ತ್ರೀಯರ ಹೊದಿಕೆ. ನಮ್ಮಲ್ಲಿ ಶಾಲು ಹೊದಿಸುವುದೆಂದರೆ ಸನ್ಮಾನ ಮಾಡುವುದು. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿದ ಮೇಲೆ ಹಸಿರು ಶಾಲು ರೈತನ ಹಕ್ಕಿನ ಗುರುತಾಯಿತು. ಪಾಂಡವಪುರದ ಕಡೆಯವರಾದ ಕೆ. ಎಸ್. ಪುಟ್ಟಣ್ಣಯ್ಯನವರು 2018ರಲ್ಲಿ ತೀರಿಕೊಳ್ಳುವವರೆಗೂ ಆ ಹಸಿರು ವಸ್ತ್ರವಿಲ್ಲದೆ ಅವರನ್ನು ನೆನೆಯುವುದೇ ಸಾಧ್ಯವಿರಲಿಲ್ಲ. ಇಂದಿಗೂ ಮಂಡ್ಯದ ಸೀಮೆಯಲ್ಲಿ ಕಚೇರಿಯ ಮುಂದೆ “ಹಸಿರು ಟವೆಲಿನವರು ಬಂದಿದ್ದಾರೆ” ಎಂದರೆ, ಮೈ ಒರಸುವ ಬಟ್ಟೆಯ ಮಾತೆಂದು ಯಾವ ಅಧಿಕಾರಿಯೂ ತಿಳಿಯುವುದಿಲ್ಲ.

ಕೊನೆಗೆ, ಗೃಹಸ್ಥರ ಹಣದ ಚೀಲಕ್ಕೆ ನೇರವಾಗಿ ಸಂಬಂಧಿಸಿದ ಒಂದು ಮಾತು: ‘ಸಿಲ್ಕ್’. ಟಿಪ್ಪು ಸುಲ್ತಾನನು 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆಯ ಹುಳುಗಳನ್ನು ತರಿಸಿ ಶ್ರೀರಂಗಪಟ್ಟಣದ ಅಧಿಕಾರಿಗಳಿಗೆ ಅವುಗಳ ಸಾಕಣೆಯನ್ನು ಕಟ್ಟುಮಾಡಿದನು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಏರ್ಪಟ್ಟಿತು. ಇಂತಹ ನಾಡಿನಲ್ಲಿಯೇ ಮದುವೆಯ ಜವಳಿಗೆ ಹೋದ ಮನೆಯವರು ‘ಆರ್ಟ್ ಸಿಲ್ಕ್’ ಎಂಬ ಚೀಟಿಯನ್ನು ಕಂಡು, ಕಲೆಗಾರಿಕೆಯುಳ್ಳ ರೇಷ್ಮೆಯೆಂದು ನಂಬಿ, ವರ್ಷದ ಉಳಿತಾಯವನ್ನು ಎಣಿಸಿಕೊಟ್ಟು ಬರುವುದುಂಟು. ಈ ‘ಆರ್ಟ್’ ಕಲೆಯಲ್ಲ, ‘ಆರ್ಟಿಫಿಷಿಯಲ್’ ಎಂಬುದರ ತುಂಡು. ಎಂದರೆ ಕೃತಕ ರೇಷ್ಮೆ. ಅದು ಮರದ ತಿರುಳಿನಿಂದ ಮಾಡಿದ ರೇಯಾನ್ ನೂಲಾಗಿರಬಹುದು, ಬೇರೆ ನೂಲೂ ಆಗಿರಬಹುದು. ‘ಸೆಮಿ ಸಿಲ್ಕ್’ ಮೊದಲಾದ ಹೆಸರುಗಳಲ್ಲಿಯೂ ಮೊದಲಿನ ಮಾತನ್ನು ಕೇಳಿ ತಿಳಿಯದೆ ಎರಡನೆಯದಕ್ಕೆ ಬೆಲೆ ಕಟ್ಟಬಾರದು. ಅಗ್ಗದ ಸೀರೆಯನ್ನು ಅಗ್ಗದ ಬೆಲೆಗೆ ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ರೇಷ್ಮೆಯ ಬೆಲೆಗೆ ಅದನ್ನು ಕೊಳ್ಳುವುದೇ ದುಃಖ.

ಅಚ್ಚ ರೇಷ್ಮೆಗೆಂದು 2004ರಲ್ಲಿ ‘ಸಿಲ್ಕ್ ಮಾರ್ಕ್’ ಎಂಬ ಮುದ್ರೆಯು ಜಾರಿಗೆ ಬಂದಿದೆ, ಅದನ್ನು ಕೇಳಿ ನೋಡಬೇಕು. ಮನೆಯಲ್ಲಿರುವ ಸೀರೆಯ ವಿಷಯದಲ್ಲಿ ಸಂದೇಹವಿದ್ದರೆ, ಅಂಚಿನಿಂದ ಜರಿಯಿಲ್ಲದ ಎರಡೆಳೆಯನ್ನು ಬಿಡಿಸಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಸೋಕಿಸಿರಿ. ರೇಷ್ಮೆಯಾದರೆ ಕೂದಲು ಸುಟ್ಟ ನಾತ ಬರುತ್ತದೆ, ಉರಿಯಿಂದ ತೆಗೆದೊಡನೆ ಆರುತ್ತದೆ, ಕಪ್ಪು ಬೂದಿಯು ಬೆರಳಿನಲ್ಲಿ ಪುಡಿಯಾಗುತ್ತದೆ. ರೇಯಾನ್ ಕಾಗದದಂತೆ ಭಗ್ಗನೆ ಉರಿದುಹೋಗುತ್ತದೆ. ಪಾಲಿಯೆಸ್ಟರ್ ಕರಗಿ ಮುದುಡಿ ಗಟ್ಟಿಯಾದ ಮಣಿಯಂತಾಗುತ್ತದೆ. ಈ ಪರೀಕ್ಷೆಯನ್ನು ಮಕ್ಕಳ ಕೈಗೆ ಕೊಡದೆ ಹಿರಿಯರೇ ಮಾಡತಕ್ಕದ್ದು.