ಕಸ ಗುಡಿಸುವವನನ್ನು ಬಾಗಿಲಲ್ಲೇ ತಡೆದ ಕಾವಲುಗಾರ

‘ಆಂಟಿವೈರಸ್ ಹಾಕಿದೀನಿ ಸಾರ್, ಕ್ಲೀನರೂ ಹಾಕಿದೀನಿ. ವಾರಕ್ಕೊಂದ್ಸಲ ಓಡಿಸ್ಬಿಡಿ, ಗಾಡಿ ಹೊಸದರ ಥರ ಇರುತ್ತೆ.’

ಬೆಂಗಳೂರಿನ ಎಸ್.ಪಿ. ರಸ್ತೆಯ ಮಹಡಿ ಅಂಗಡಿಯೊಂದರಲ್ಲಿ, ರಿಪೇರಿಯಾದ ಲ್ಯಾಪ್‌ಟಾಪನ್ನು ಕೈಗಿಡುತ್ತಾ ಹುಡುಗ ಹೇಳಿದ ಮಾತು. ಗಾಡಿ ಎಂದರೆ ಲ್ಯಾಪ್‌ಟಾಪು. ಮನೆಗೆ ಬಂದು ಕ್ಲೀನರ್ ಓಡಿಸಿದೆ. ಕಸ ಎಣಿಸುತ್ತಿದ್ದ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಫ್ಯಾನು ಮಿಕ್ಸಿಯ ಹಾಗೆ ಕೂಗತೊಡಗಿತು. ಪರದೆಯ ಬಲಮೂಲೆಯಲ್ಲಿ ಪುಟ್ಟ ಪೆಟ್ಟಿಗೆಯೊಂದು ಮೂಡಿ ಅಪಾಯ ಕಂಡಿದೆ ಎಂದಿತು. ಯಾರಪ್ಪಾ ಅಪಾಯ ಎಂದು ನೋಡಿದರೆ, ಅದೇ ಹುಡುಗ ಹಾಕಿಕೊಟ್ಟ ಕ್ಲೀನರು!

ನನ್ನ ಗಾಡಿಯೊಳಗಿನ ಜಗಳಗಂಟರ ಹೆಸರು ಬೇಡ. ಇದೇ ಜಗಳ ದೊಡ್ಡ ಮಟ್ಟದಲ್ಲಿ, ಲೋಕವೆಲ್ಲ ನೋಡುವಂತೆ ನಡೆದದ್ದು 2020ರ ಜುಲೈನಲ್ಲಿ. ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್, ಸಿಸಿಕ್ಲೀನರ್‌ನ ಉಚಿತ ಆವೃತ್ತಿಯನ್ನು ‘ಪಿಯುಎ’ ಪಟ್ಟಿಗೆ ಸೇರಿಸಿತು. ಪಿಯುಎ ಎಂದರೆ ವೈರಸ್ ಅಲ್ಲ. ಮನೆಯವರಿಗೆ ಬೇಡವಾಗಬಹುದಾದ ಅತಿಥಿ, ಅಷ್ಟೆ. ಸಿಸಿಕ್ಲೀನರ್ ಹಾಗೆಲ್ಲ ಹೊಸ ಮುಖವೂ ಆಗಿರಲಿಲ್ಲ. ಲಂಡನ್ನಿನ ಪಿರಿಫಾರ್ಮ್ ಕಂಪನಿಯದು. ಮೊದಲು ಇಟ್ಟ ಹೆಸರು ಕ್ರ್ಯಾಪ್ ಕ್ಲೀನರ್, ಅಂದರೆ ಹೊಲಸು ಬಳಿಯುವವ. ಆಮೇಲೆ ಮರ್ಯಾದೆಗಂಜಿ ಬರೀ ‘ಸಿ’ ಉಳಿಸಿಕೊಂಡಿತು. ಲೋಕದ ರಿಪೇರಿ ಅಂಗಡಿಗಳಲ್ಲಿ ಅದನ್ನು ಹಾಕದೆ ಗಾಡಿ ಹೊರಗೆ ಕಳಿಸುತ್ತಿದ್ದವರು ಕಡಿಮೆ.

ಡಿಫೆಂಡರ್‌ನ ತಕರಾರು ಗುಡಿಸುವ ಕೆಲಸದ ಬಗ್ಗೆ ಇರಲೇ ಇಲ್ಲ. ಗುಡಿಸುವವನು ತನ್ನ ಬುಟ್ಟಿಯಲ್ಲಿ ಇನ್ಯಾರನ್ನೋ ಕೂರಿಸಿಕೊಂಡು ಬರುತ್ತಾನೆ ಎಂಬುದು ದೂರು. ಉಚಿತ ಇನ್‌ಸ್ಟಾಲರ್ ಜೊತೆಗೆ ಗೂಗಲ್ ಕ್ರೋಮ್, ಗೂಗಲ್ ಟೂಲ್‌ಬಾರ್, ಅವಾಸ್ಟ್ ಆಂಟಿವೈರಸ್, ಎವಿಜಿ ಆಂಟಿವೈರಸ್ ಇವುಗಳಲ್ಲಿ ಒಂದಲ್ಲ ಒಂದು ಅಂಟಿಕೊಂಡು ಬರುತ್ತಿತ್ತು. ಮೊದಲೇ ಟಿಕ್ ಆಗಿರುವ ಚೌಕವನ್ನು ನೋಡದೆ ‘ನೆಕ್ಸ್ಟ್, ನೆಕ್ಸ್ಟ್’ ಒತ್ತಿದರೆ ಮುಗಿಯಿತು, ಅದೂ ಒಳಗೆ. ಆ ಸರಕುಗಳೇನೂ ಕೆಟ್ಟವಲ್ಲ, ಆದರೆ ಕ್ಲೀನರ್‌ಗೆ ಅವುಗಳ ಅಗತ್ಯವಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿತ್ತು.

ಇಲ್ಲೊಂದು ತಮಾಷೆ ಇದೆ. ಬುಟ್ಟಿಯಲ್ಲಿ ಬಂದವರಲ್ಲಿ ಇಬ್ಬರು ಸ್ವತಃ ಕಾವಲುಗಾರರು. ಬೇರೆ ಆಂಟಿವೈರಸ್ ಒಳಗೆ ಕಾಲಿಟ್ಟ ಕೂಡಲೇ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ವಿಂಡೋಸ್‌ನ ಏರ್ಪಾಡೇ ಹಾಗೆ. ಅಂದರೆ ತನ್ನ ಕೆಲಸ ಕಿತ್ತುಕೊಳ್ಳಲು ಬಂದವನನ್ನೇ ಡಿಫೆಂಡರ್ ಬಾಗಿಲಲ್ಲಿ ನಿಲ್ಲಿಸಿತ್ತು. ಹೊಟ್ಟೆಕಿಚ್ಚು ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪು ಹೇಳಲಾಗದು. ಆದರೂ ನನ್ನ ಮತ ಡಿಫೆಂಡರ್ ಕಡೆಗೇ. ಕೇಳದೆ ಬಂದ ಸರಕನ್ನು ತಡೆಯುವುದು ಕಾವಲಿನ ಕೆಲಸವೇ. ಸಿಸಿಕ್ಲೀನರ್ ಸರಿಪಡಿಸಿಕೊಂಡಿತು, ಪಟ್ಟಿಯಿಂದ ಹೆಸರೂ ಹೋಯಿತು.

ಬುಟ್ಟಿಯ ಮಾತು ಬಿಟ್ಟರೂ ಆಂಟಿವೈರಸ್‌ಗೂ ಕ್ಲೀನರ್‌ಗೂ ಕೂಡಿ ಬರುವುದಿಲ್ಲ, ಅದು ಕೆಲಸದ ಸ್ವಭಾವ. ವಿಂಡೋಸ್‌ನಲ್ಲಿ ಯಾವುದೇ ಕಡತ ತೆರೆದರೂ ಆ ಕೋರಿಕೆ ಮೇಲಿನಿಂದ ಕೆಳಗೆ ಸಾಲಾಗಿ ಕುಳಿತ ‘ಫಿಲ್ಟರ್ ಡ್ರೈವರ್’ಗಳ ಮೂಲಕ ಹಾದು ಡಿಸ್ಕ್ ತಲುಪಬೇಕು. ಯಾರು ಎಷ್ಟನೇ ಮೆಟ್ಟಿಲಲ್ಲಿ ಕೂರಬೇಕೆಂದು ಮೈಕ್ರೋಸಾಫ್ಟ್ ನಂಬರು ಕೊಟ್ಟಿದೆ. ಆಂಟಿವೈರಸ್‌ಗಳಿಗೆ 3,20,000ರಿಂದ ಶುರುವಾಗುವ ಸಾಲು, ಡಿಫೆಂಡರ್‌ನದು 3,28,010. ಕ್ಲೀನರ್ ಒಂದೇ ಉಸಿರಿಗೆ ಸಾವಿರಾರು ಚಿಲ್ಲರೆ ಕಡತಗಳನ್ನು ಮುಟ್ಟುತ್ತದೆ. ಮೆಟ್ಟಿಲ ಮೇಲಿನ ಕಾವಲುಗಾರ ಒಂದೊಂದನ್ನೂ ಹಿಡಿದು, ತಿರುಗಿಸಿ ನೋಡಿ, ಆಮೇಲೆ ಬಿಡುತ್ತಾನೆ. ಕಸದ ಬುಟ್ಟಿಯಲ್ಲಿರುವ ಪ್ರತಿ ಚೀಟಿಯನ್ನೂ ಓದಿಯೇ ಎಸೆಯಬೇಕೆಂದರೆ ಮನೆ ಗುಡಿಸಿ ಮುಗಿಯುವುದು ಯಾವಾಗ? ನನ್ನ ಫ್ಯಾನು ಕೂಗಿದ್ದು ಇದಕ್ಕೇ.

ಇನ್ನು ಕ್ಲೀನರ್‌ನ ನಡವಳಿಕೆ. ಒಂದೇ ಸಮನೆ ಕಡತ ಅಳಿಸುವುದು, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಗೆ ಕೈ ಹಾಕುವುದು, ಬ್ರೌಸರಿನ ಕುಕೀ ಕೆದಕುವುದು. ಹೆಸರು ಮುಚ್ಚಿ ಬರೀ ಕೆಲಸವನ್ನಷ್ಟೇ ತೋರಿಸಿದರೆ ಇದು ಕಳ್ಳನೋ ಜಾಡಮಾಲಿಯೋ ಹೇಳುವುದು ಕಷ್ಟ. ಸಾಲದ್ದಕ್ಕೆ ಕಾವಲುಗಾರನ ಡೈರಿಯೇ ಅದರ ಕಸದ ಪಟ್ಟಿಯಲ್ಲಿರುತ್ತದೆ: ಯಾವ ದಿನ ಯಾವ ವೈರಸ್ ಹಿಡಿದೆ ಎಂಬ ದಾಖಲೆ ಕ್ಲೀನರ್ ಕಣ್ಣಿಗೆ ಹಳೆ ಕಾಗದ.

ರಿಜಿಸ್ಟ್ರಿ ಗುಡಿಸಿದರೆ ಗಾಡಿ ಓಡುತ್ತದೆಂಬ ನಂಬಿಕೆ ಮಾತ್ರ ಇನ್ನೂ ಸತ್ತಿಲ್ಲ. 1990ರ ದಶಕದಲ್ಲಿ ಮೈಕ್ರೋಸಾಫ್ಟ್ ತಾನೇ ‘ರೆಗ್‌ಕ್ಲೀನ್’ ಎಂಬ ಸಾಧನ ಕೊಟ್ಟು, ಆಮೇಲೆ ಹಿಂದಕ್ಕೆ ಪಡೆಯಿತು. ಇಂಥ ಕ್ಲೀನರ್‌ಗಳಿಗೆ ತನ್ನ ಬೆಂಬಲವಿಲ್ಲ ಎಂಬುದೇ ಈಗ ಅದರ ಅಧಿಕೃತ ನಿಲುವು.

ಕಾವಲುಗಾರ ಇಷ್ಟು ಚುರುಕಾಗಿದ್ದರೆ ನಿಜವಾದ ಕಳ್ಳ ಬಂದ ದಿನ ಏನು ಮಾಡುತ್ತಿದ್ದ? ಅದಕ್ಕೆ 2017ಕ್ಕೆ ಹೋಗಬೇಕು. ಆ ಜುಲೈನಲ್ಲಿ ಪ್ರಾಗ್‌ನ ಆಂಟಿವೈರಸ್ ಕಂಪನಿ ಅವಾಸ್ಟ್, ಪಿರಿಫಾರ್ಮನ್ನು ಕೊಂಡಿತು. ಗುಡಿಸುವವನ ಯಜಮಾನ ಈಗ ಕಾವಲುಗಾರನೇ. ಆದರೆ ಮನೆ ಕೊಳ್ಳುವ ಮುಂಚೆಯೇ ಅಲ್ಲಿ ಕಳ್ಳ ಕುಳಿತಿದ್ದ. ಮಾರ್ಚ್‌ನಲ್ಲೇ ದಾಳಿಕೋರರು, ದೂರದಿಂದ ಕಂಪ್ಯೂಟರ್ ನಡೆಸುವ ಟೀಮ್‌ವ್ಯೂವರ್ ಮೂಲಕ ಪಿರಿಫಾರ್ಮ್ ಡೆವಲಪರೊಬ್ಬರ ಕಂಪ್ಯೂಟರಿಗೆ ನುಗ್ಗಿದ್ದರೆಂದು ಅವಾಸ್ಟ್ ಆಮೇಲೆ ತಿಳಿಸಿತು. ಆಗಸ್ಟ್ 15ರಂದು ಬಿಡುಗಡೆಯಾದ 5.33 ಆವೃತ್ತಿಯೊಳಗೆ ಕಳ್ಳಗಿಂಡಿ ಸೇರಿಕೊಂಡಿತ್ತು. ಅದು ಕಂಪ್ಯೂಟರಿನ ಹೆಸರು, ಅದರಲ್ಲಿರುವ ತಂತ್ರಾಂಶಗಳ ಪಟ್ಟಿ ಎಲ್ಲ ಬರೆದುಕೊಂಡು ಹೊರಗೆ ಕಳಿಸುತ್ತಿತ್ತು. ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ಈ ಆವೃತ್ತಿ ಹೋಯಿತು. ದಾಳಿಕೋರರಿಗೆ ಬೇಕಿದ್ದದ್ದು ಅದರಲ್ಲಿ ಸುಮಾರು 40 ಮಾತ್ರ. ಅವು ದೊಡ್ಡ ತಂತ್ರಜ್ಞಾನ ಮತ್ತು ಟೆಲಿಕಾಂ ಕಂಪನಿಗಳ ಯಂತ್ರಗಳು. ಎರಡನೇ ಹಂತದ ಮದ್ದನ್ನು ಅವಕ್ಕಷ್ಟೇ ಇಳಿಸಿದರು.

ಸುಮಾರು ನಾಲ್ಕು ವಾರ ಬಹುತೇಕ ಆಂಟಿವೈರಸ್‌ಗಳು ಕೆಮ್ಮಲೂ ಇಲ್ಲ. ಯಾಕೆಂದರೆ ಆ ಕಡತಕ್ಕೆ ಪಿರಿಫಾರ್ಮ್‌ನ ಅಸಲಿ ಡಿಜಿಟಲ್ ಸಹಿ ಬಿದ್ದಿತ್ತು, ಬಂದದ್ದೂ ಕಂಪನಿಯ ಸ್ವಂತ ಸರ್ವರಿನಿಂದಲೇ. ಗುರುತಿನ ಚೀಟಿ ಸರಿಯಿದ್ದವನನ್ನು ತಡೆಯುವುದು ಹೇಗೆ? ಸಿಸ್ಕೋದ ಟಾಲೋಸ್ ತಂಡ ಇದನ್ನು ಕಂಡದ್ದು ತನ್ನ ಹೊಸ ಪತ್ತೆ ಸಾಧನವನ್ನು ಪರೀಕ್ಷೆಗೆ ಓಡಿಸುತ್ತಿದ್ದಾಗ, ಸೆಪ್ಟೆಂಬರಿನಲ್ಲಿ. ಮಾರ್ಫಿಸೆಕ್ ಎಂಬ ಇನ್ನೊಂದು ಕಂಪನಿಯೂ ಅದೇ ಹೊತ್ತಿಗೆ ಅವಾಸ್ಟ್‌ಗೆ ಸುಳಿವು ಕೊಟ್ಟಿತ್ತು. ಬುಟ್ಟಿಯಲ್ಲಿ ಟೂಲ್‌ಬಾರ್ ತಂದಾಗ ಎದ್ದ ಗದ್ದಲ, ಬೆನ್ನಿಗೆ ಕಳ್ಳನನ್ನೇ ಹೊತ್ತು ತಂದಾಗ ಏಳಲಿಲ್ಲ.

ಈ ಕ್ಲೀನರ್ ವ್ಯಾಪಾರದ ಬಂಡವಾಳ ಬಹುಪಾಲು ಹೆದರಿಕೆ. ‘ನಿಮ್ಮ ಗಾಡಿಯಲ್ಲಿ 1,386 ದೋಷಗಳಿವೆ’ ಎಂದು ಕೆಂಪಕ್ಷರದಲ್ಲಿ ತೋರಿಸಿ, ಸರಿಮಾಡಲು ದುಡ್ಡು ಕೇಳುವ ವರಸೆ ಯಾರಿಗೆ ಗೊತ್ತಿಲ್ಲ? 2018ರ ಮಾರ್ಚ್‌ನಿಂದ ಇಂಥ ಹೆದರಿಸುವ ಕ್ಲೀನರ್‌ಗಳನ್ನು ಡಿಫೆಂಡರ್ ಬೇಡದ ತಂತ್ರಾಂಶವೆಂದು ತೆಗೆದುಹಾಕತೊಡಗಿತು. ಮರುವರ್ಷ ಅಮೆರಿಕದಲ್ಲಿ ಆಫೀಸ್ ಡಿಪೋ ಮತ್ತು ಸಪೋರ್ಟ್ ಡಾಟ್ ಕಾಂ ಕಂಪನಿಗಳು ಸೇರಿ 3.5 ಕೋಟಿ ಡಾಲರ್ ಕೊಟ್ಟು ಇಂಥದೇ ಹೆದರಿಕೆಯ ಪ್ರಕರಣ ಮುಗಿಸಿಕೊಂಡವು. ಅಲ್ಲಿನ ವ್ಯಾಪಾರ ಆಯೋಗದ ಆರೋಪ ಹೀಗಿತ್ತು: ಕಂಪ್ಯೂಟರ್ ಪರೀಕ್ಷೆಗೆ ಮುಂಚೆ ಗಿರಾಕಿಗೆ ‘ಕಂಪ್ಯೂಟರ್ ನಿಧಾನವೇ?’ ಎಂಬಂಥ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಒಂದಕ್ಕೆ ಹೌದೆಂದು ಟಿಕ್ ಹಾಕಿದರೂ ಸಾಕು, ಒಳಗೆ ಏನಿದ್ದರೂ ಇಲ್ಲದಿದ್ದರೂ ವೈರಸ್ ಲಕ್ಷಣ ‘ಸಿಗುತ್ತಿತ್ತು’.

2022ರಲ್ಲಿ ಮೈಕ್ರೋಸಾಫ್ಟೇ ‘ಪಿಸಿ ಮ್ಯಾನೇಜರ್’ ಎಂಬ ಸಫಾಯಿ ಸಾಧನ ಹೊರತಂದಿತು. ಕಾವಲುಗಾರ ಕೊನೆಗೆ ತಾನೇ ಪೊರಕೆ ಹಿಡಿದ. ಅದೂ ಬೇಡವೆಂದರೆ ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸ್‌ನಲ್ಲಿ, ಸಿಸ್ಟಮ್ ಕೆಳಗೆ, ಸ್ಟೋರೇಜ್ ಒಳಗೆ ‘ಸ್ಟೋರೇಜ್ ಸೆನ್ಸ್’ ಇದೆ. ಮನೆಬಳಕೆಯ ಗಾಡಿಗೆ ಅಷ್ಟು ಗುಡಿಸಿದರೆ ಧಾರಾಳ. ನನ್ನ ಕ್ಲೀನರನ್ನು ಅವತ್ತೇ ತೆಗೆದೆ.

ನೀವು ಇಟ್ಟುಕೊಳ್ಳುವವರೇ ಆದರೆ ರಿಜಿಸ್ಟ್ರಿ ಭಾಗವನ್ನೂ ಆಂಟಿವೈರಸ್ ದಾಖಲೆಯ ಚೌಕವನ್ನೂ ಮುಟ್ಟಬೇಡಿ. ಇನ್‌ಸ್ಟಾಲ್ ಮಾಡುವಾಗ ಪ್ರತಿ ಚೌಕ ಓದಿ. ಮೂಲೆಯಲ್ಲಿ ಎಚ್ಚರಿಕೆಯ ಪೆಟ್ಟಿಗೆ ಮೂಡಿದರೆ ‘ಅಲೋ’ ಒತ್ತುವ ಮುಂಚೆ ಹೆಸರು ನೋಡಿ. ‘ಪಿಯುಎ’ ಎಂದಿದ್ದರೆ ಅದು ಯಾವುದರ ಜೊತೆ ಬಂತೆಂದು ಹುಡುಕಿ. ‘ಟ್ರೋಜನ್’ ಎಂದಿದ್ದರೆ ಅದು ವೇಷ ಹಾಕಿದ ಕಳ್ಳ, ಅಂಗಡಿ ಹುಡುಗನಿಗೆ ಫೋನ್ ಮಾಡುತ್ತಾ ಕೂರದೆ ಮೊದಲು ನೆಟ್ ಆಫ್ ಮಾಡಿ.